ಅರಸು ಪಾತರಗಿತ್ತಿಯೂ ನಮ್ಮೂರ ಎಕ್ಕದ ಗಿಡವೂ

ಇಂಗ್ಲಿಷ್ ಪಾಠಪುಸ್ತಕಗಳಲ್ಲಿಯೂ ಗೋಡೆಯ ಚಿತ್ರಪಟಗಳಲ್ಲಿಯೂ ಪಾತರಗಿತ್ತಿಯ ಮಾತು ಬಂದಾಗಲೆಲ್ಲ ಮೊದಲು ಕಣ್ಣಿಗೆ ಬೀಳುವುದು ‘ಮಾನಾರ್ಕ್’ ಎಂಬ ಅಮೆರಿಕೆಯ ಪಾತರಗಿತ್ತಿಯೇ ಆಗಿದೆ. ಕಿತ್ತಳೆಯ ಬಣ್ಣದ ರೆಕ್ಕೆ, ಅದರ ಮೇಲೆ ದಪ್ಪನಾದ ಕರಿಯ ನರಗಳು, ಅಂಚಿಗೆ ಬಿಳಿಯ ಚುಕ್ಕೆಗಳ ಸಾಲು. ಹೆಸರಿಗೆ ತಕ್ಕ ಅರಸನ ಉಡುಪು. ಆ ಚಿತ್ರವನ್ನು ನೋಡಿದ ಬಾಲಿಕೆಯರು ಮಹಾಗಾಂವದ ಹೊಲದ ಬದುವಿನ ಮೇಲೆ ಹೆಚ್ಚುಕಡಿಮೆ ಅದೇ ಬಣ್ಣದ ಪಾತರಗಿತ್ತಿಯನ್ನು ಕಂಡು, ‘ಮಾನಾರ್ಕ್ ಬಂದಿತು’ ಎಂದು ಹಿಗ್ಗುವುದುಂಟು. ಹಿಗ್ಗು ನ್ಯಾಯವಾದುದೇ, ಹೆಸರು ಮಾತ್ರ ಸರಿಯಲ್ಲ. ಮಾನಾರ್ಕ್ ನಮ್ಮ ದೇಶದ ಜೀವಿಯಲ್ಲ. ಬದುವಿನ ಮೇಲೆ ಕಂಡದ್ದು ಅದರ ದಾಯಾದಿ.

ಈ ದಾಯಾದಿಯನ್ನೂ ಅದರ ನೆಂಟರಿಷ್ಟರನ್ನೂ ಗುರುತಿಸುವ ಬಗೆ, ಅವುಗಳಲ್ಲಿ ಕೆಲವು ಋತುವಿಗೆ ತಕ್ಕಂತೆ ಕೈಕೊಳ್ಳುವ ಪಯಣವನ್ನು ನೋಡುವ ಬಗೆ, ಇವೇ ಈ ಪಾಠದ ವಿಷಯ. ನಿಸರ್ಗಪಾಠದ ತರಗತಿಯನ್ನು ಬಿಟ್ಟು ಬಹುಕಾಲವಾದ ಹಿಂದಿನ ವಿದ್ಯಾರ್ಥಿನಿಯರೂ, ಮಕ್ಕಳ ಪ್ರಶ್ನೆಗಳಿಗೆ ದಿನವೂ ಉತ್ತರ ಕೊಡಬೇಕಾದ ತಾಯಿತಂದೆಗಳೂ ಇದನ್ನು ಓದಿ, ಹೊರಗೆ ಹೋಗಿ ನೋಡಬೇಕೆಂದು ವಿನಂತಿ. ಹೆಸರು ಯಾವುದಾದರೇನು, ಚೆಂದವಿದ್ದರಾಯಿತೆಂದು ಕೆಲವರು ಅನ್ನುವರು. ಕಂಡು ಸಂತೋಷಪಡುವಷ್ಟಕ್ಕೆ ಅದು ಸಾಕು; ಬರೆದಿಡುವುದಕ್ಕೆ ಸಾಲದು. ತಪ್ಪು ಹೆಸರಿನಿಂದ ಬರೆದಿಟ್ಟ ಒಂದು ಸಾಲು, ಬರೆಯದೆ ಬಿಟ್ಟ ಹತ್ತು ಸಾಲುಗಳಿಗಿಂತ ಹೆಚ್ಚು ಕೆಡುಕು ಮಾಡುವುದು. ಅದು ಹೇಗೆಂಬುದು ಮುಂದೆ ತಿಳಿದುಬರುವುದು.

ಮೊದಲು ಆ ಅರಸನ ಸಂಗತಿಯನ್ನು ಹೇಳುವೆನು. ಮಾನಾರ್ಕಿನ ತೂಕ ಸುಮಾರು ಅರ್ಧ ಗ್ರಾಮು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಉತ್ತರದಲ್ಲಿಯೂ ಕೆನಡದ ದಕ್ಷಿಣದಲ್ಲಿಯೂ ಬೇಸಗೆಯನ್ನು ಕಳೆದು, ಚಳಿಯು ತಲೆದೋರುತ್ತಲೇ ಅದು ದಕ್ಷಿಣಕ್ಕೆ ಹೊರಡುವುದು. ರಾಕಿ ಪರ್ವತಗಳ ಪೂರ್ವಕ್ಕಿರುವ ಮಾನಾರ್ಕುಗಳು ಮೆಕ್ಸಿಕೋ ದೇಶದ ನಡುಭಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು ೩,೦೦೦ ಮೀಟರು ಎತ್ತರದಲ್ಲಿರುವ ಫರ್ ಮರಗಳ ಕಾಡುಗಳಿಗೆ ಹೋಗಿ, ಮರದ ಕಾಂಡವೇ ಕಾಣದಂತೆ ಒತ್ತಾಗಿ ಕುಳಿತು ಚಳಿಗಾಲವನ್ನು ಕಳೆಯುವವು. ಬೇಸಗೆಯಲ್ಲಿ ಹುಟ್ಟಿದ ಮಾನಾರ್ಕು ಕೆಲವೇ ವಾರಗಳು ಬದುಕುವುದು. ಶರತ್ಕಾಲದಲ್ಲಿ ಹುಟ್ಟಿ ಪ್ರಯಾಣಕ್ಕೆ ಹೊರಡುವ ಪೀಳಿಗೆಯಾದರೋ ಎಂಟು ತಿಂಗಳವರೆಗೂ ಬದುಕಬಲ್ಲದು. ವಸಂತದಲ್ಲಿ ಅದು ಉತ್ತರಕ್ಕೆ ತಿರುಗಿ, ನಡುದಾರಿಯಲ್ಲಿ ಮೊಟ್ಟೆಯಿಟ್ಟು ಸಾಯುವುದು. ಮಕ್ಕಳೂ ಮೊಮ್ಮಕ್ಕಳೂ ಉಳಿದ ದಾರಿಯನ್ನು ಮುಗಿಸುವರು. ದಕ್ಷಿಣದ ದಾರಿಯನ್ನು ಕಂಡ ಒಂದು ಹಿರಿಯ ಜೀವವೂ ಜೊತೆಗಿಲ್ಲದೆ, ಮುಂದಿನ ಶರತ್ಕಾಲದ ಪೀಳಿಗೆ ಅದೇ ಕಾಡನ್ನು ಸೇರುವುದು. ಸೂರ್ಯನ ಸ್ಥಾನವನ್ನು ನೋಡಿ ಅವು ದಿಕ್ಕನ್ನು ತಿಳಿಯುವವೆಂದೂ, ಹೊತ್ತಿಗೆ ತಕ್ಕಂತೆ ಆ ಲೆಕ್ಕವನ್ನು ಸರಿಪಡಿಸುವ ಗಡಿಯಾರವು ಅವುಗಳ ಮೀಸೆಯಲ್ಲಿಯೇ ಇದೆಯೆಂದೂ ೨೦೦೯ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ತಿಳಿದುಬಂದಿದೆ.

ಆ ಕಾಡು ವಿಜ್ಞಾನಲೋಕಕ್ಕೆ ಗೊತ್ತಾದ ಬಗೆಯನ್ನು ನಮ್ಮ ಶಾಲೆಯವರು ವಿಶೇಷವಾಗಿ ತಿಳಿಯತಕ್ಕದ್ದು. ಕೆನಡದ ಟೊರಾಂಟೋ ನಗರದ ಪ್ರಾಣಿಶಾಸ್ತ್ರಜ್ಞರಾದ ಫ್ರೆಡ್ ಅರ್ಕ್‌ಹಾರ್ಟರೂ ಅವರ ಪತ್ನಿ ನೋರಾರವರೂ ಮಾನಾರ್ಕಿನ ರೆಕ್ಕೆಗೆ ಚಿಕ್ಕ ಕಾಗದದ ಚೀಟಿಯನ್ನು ಅಂಟಿಸಿ, ಅದು ಎಲ್ಲಿ ಸಿಕ್ಕುವುದೆಂದು ಮೂವತ್ತು ವರ್ಷಗಳಿಗೂ ಮಿಕ್ಕಿ ಹುಡುಕಿದರು. ಇಬ್ಬರಿಂದಾಗುವ ಕೆಲಸ ಇದಲ್ಲವಾದುದರಿಂದ ಊರೂರಿನ ಜನರ ಸಹಾಯವನ್ನು ಬೇಡಿದರು. ಸಾವಿರಾರು ಮಂದಿ ಒಪ್ಪಿದರು. ಕಡೆಗೆ ೧೯೭೫ನೆಯ ಇಸವಿಯ ಜನವರಿಯಲ್ಲಿ ಕೆನ್ ಬ್ರಗರ್ ಎಂಬಾತನೂ ಮೆಕ್ಸಿಕೋ ದೇಶದ ತರುಣಿಯಾದ ಕತಲೀನ ಅಗ್ವಾದೊ ಎಂಬಾಕೆಯೂ ಸೆರೋ ಪೆಲೋನ್ ಎಂಬ ಬೆಟ್ಟದಲ್ಲಿ ಆ ಕಾಡನ್ನು ಕಂಡರು. ಆ ಬೆಟ್ಟದ ಸುತ್ತಲಿನ ಹಳ್ಳಿಗರಿಗೆ ಪಾತರಗಿತ್ತಿಗಳು ಪ್ರತಿವರ್ಷವೂ ಬರುವುದು ಮೊದಲೇ ಗೊತ್ತಿತ್ತೆಂಬುದನ್ನೂ ಇಲ್ಲಿ ಹೇಳಬೇಕು. ಅವು ಎಲ್ಲಿಂದ ಬರುವವೆಂಬುದೊಂದು ತಿಳಿದಿರಲಿಲ್ಲ. ಮರುವರ್ಷದ ಜನವರಿಯಲ್ಲಿ ಅರ್ಕ್‌ಹಾರ್ಟ್ ದಂಪತಿಗಳು ಅಲ್ಲಿಗೆ ಹೋಗಿದ್ದಾಗ, ಪಾತರಗಿತ್ತಿಗಳ ಭಾರಕ್ಕೆ ಮರದ ಕೊಂಬೆಯೊಂದು ಮುರಿದುಬಿದ್ದಿತು. ಬಿದ್ದವುಗಳಲ್ಲಿ ಒಂದರ ರೆಕ್ಕೆಯ ಮೇಲೆ ಚೀಟಿಯಿತ್ತು. ಅದನ್ನು ಅಂಟಿಸಿದವರಾರು? ಅಲ್ಲಿಗೆ ಎರಡೂವರೆ ಸಾವಿರ ಕಿಲೋಮೀಟರಿಗೂ ಮಿಕ್ಕಿ ದೂರದಲ್ಲಿರುವ, ಮಿನೆಸೋಟ ಸಂಸ್ಥಾನದ ಚಾಸ್ಕಾ ಎಂಬ ಊರಿನ ಒಬ್ಬ ಶಾಲಾ ಉಪಾಧ್ಯಾಯರೂ ಅವರ ಇಬ್ಬರು ವಿದ್ಯಾರ್ಥಿಗಳೂ. ಹಿಂದಿನ ಆಗಸ್ಟಿನಲ್ಲಿ ಹೊಲದ ಹೂಗಳ ಮೇಲೆ ಹಿಡಿದು, ಸಂಖ್ಯೆಯನ್ನೂ ತಾರೀಖನ್ನೂ ಬರೆದಿಟ್ಟು ಬಿಟ್ಟಿದ್ದರು. ದೊಡ್ಡ ವಿದ್ವಾಂಸರ ಮೂವತ್ತು ವರ್ಷಗಳ ಪ್ರಶ್ನೆಗೆ ಹೀಗೆ ಒಂದು ಶಾಲೆಯ ಟಿಪ್ಪಣಿಯ ಪುಸ್ತಕವು ಸಾಕ್ಷಿ ನುಡಿಯಿತು.

ಇನ್ನು ನಮ್ಮ ಕಡೆಗೆ ಬರೋಣ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯನ್ನು ಬಿಟ್ಟು ಮಹಾಗಾಂವದ ಕಡೆಗೆ ತಿರುಗಿದರೆ, ದಾರಿಯ ಎರಡು ಪಕ್ಕಗಳಲ್ಲಿಯೂ, ತೊಗರಿ ಹೊಲದ ಬದುವಿನಲ್ಲಿಯೂ, ಹಾಳುಬಿದ್ದ ಗೋಡೆಯ ಬುಡದಲ್ಲಿಯೂ ಎಕ್ಕದ ಗಿಡವಿರುವುದು. ದನಗಳು ಅದನ್ನು ಮುಟ್ಟವು. ಶನಿವಾರ ಹನುಮಂತದೇವರ ಗುಡಿಗೆ ಅದರ ಹಾರ ಹೋಗುವುದು. ಅದರ ಹಾಲು ಕಣ್ಣಿಗೆ ಬಿದ್ದರೆ ಕೇಡೆಂದು ತಾಯಂದಿರು ಮಕ್ಕಳನ್ನು ಗದರಿಸುವರು, ಆ ಗದರಿಕೆ ಸರಿಯಾದುದೇ. ಮಾನಾರ್ಕು ಅಮೆರಿಕದಲ್ಲಿ ಮೊಟ್ಟೆಯಿಡುವುದೂ ಎಕ್ಕದ ಕುಲಕ್ಕೇ ಸೇರಿದ ಹಾಲುಗಿಡಗಳ ಮೇಲೆ. ಈ ಹಾಲಿನಲ್ಲಿ ಹೃದಯದ ಬಡಿತವನ್ನು ಕೆಡಿಸುವ ಕಹಿಯಾದ ವಿಷವಿದೆ. ಹುಳು ಎಲೆಯ ನರವನ್ನು ಮೊದಲು ಕಚ್ಚಿ ಹಾಲಿನ ಹರಿವನ್ನು ತಡೆದು, ಆಮೇಲೆ ಎಲೆಯನ್ನು ತಿನ್ನುವುದು. ವಿಷವನ್ನು ತನ್ನ ಮೈಯಲ್ಲಿಯೇ ಕೂಡಿಸಿಡುವುದು. ರೆಕ್ಕೆ ಬಂದ ಮೇಲೆಯೂ ಆ ಕಹಿ ಹೋಗದು. ಒಮ್ಮೆ ತಿಂದು ಕಕ್ಕಿದ ಹಕ್ಕಿ ಆ ಬಣ್ಣದ ಪಾತರಗಿತ್ತಿಯನ್ನು ಮತ್ತೆ ಮುಟ್ಟಲು ಅಂಜುವುದು. ಅದಕ್ಕಾಗಿಯೇ ಈ ವಂಶದವು ಅವಸರವಿಲ್ಲದೆ, ಯಾರ ಭಯವೂ ಇಲ್ಲದವರಂತೆ ಹಾರುವವು. ಇವುಗಳ ಚರ್ಮವೂ ಗಟ್ಟಿ. ಕೊಕ್ಕಿಗೆ ಸಿಕ್ಕಿ ನುಸುಳಿಕೊಂಡು ಹರಿದ ರೆಕ್ಕೆಯಿಂದಲೇ ಹಾರಾಡುವುದನ್ನು ನೀವು ನೋಡಿರಬಹುದು.

ನಮ್ಮ ಎಕ್ಕದ ಮೇಲೆ ಸದಾ ಕಾಣುವ ದಾಯಾದಿಗೆ ಇಂಗ್ಲಿಷಿನಲ್ಲಿ ಪ್ಲೇನ್ ಟೈಗರ್ ಎಂದು ಹೆಸರು. ಇಲ್ಲಿ ಅದನ್ನು ಸಾದಾಹುಲಿ ಎಂದು ಕರೆಯೋಣ. ರೆಕ್ಕೆಯನ್ನು ಬಿಚ್ಚಿದರೆ ಏಳೆಂಟು ಸೆಂಟಿಮೀಟರು. ಬಣ್ಣ ಹಣ್ಣಾದ ಕಿತ್ತಳೆಯದು. ಮುಂದಿನ ರೆಕ್ಕೆಯ ತುದಿ ಕಪ್ಪು, ಆ ಕಪ್ಪಿನ ನಡುವೆ ಓರೆಯಾಗಿ ಬಿಳಿಯ ಪಟ್ಟಿ. ರೆಕ್ಕೆಯ ನರಗಳು ಕಪ್ಪಗಿರುವುದಿಲ್ಲ. ಮಾನಾರ್ಕಿನಿಂದ ಇದನ್ನು ಬೇರ್ಪಡಿಸುವ ಮೊದಲ ಗುರುತು ಇದೇ. ಹಿಂದಿನ ರೆಕ್ಕೆಯ ನಡುವೆ ಕರಿಚುಕ್ಕೆಗಳಿರುವವು: ಹೆಣ್ಣಿಗೆ ಮೂರು, ಗಂಡಿಗೆ ನಾಲ್ಕು. ಗಂಡಿನ ನಾಲ್ಕನೆಯ ಚುಕ್ಕೆ ಕೇವಲ ಚುಕ್ಕೆಯಲ್ಲ, ಗಂಧದ ಚೀಲ. ಈ ಪಾತರಗಿತ್ತಿ ಆಫ್ರಿಕದಲ್ಲಿಯೂ ವಾಸಿಸುವುದಾಗಿದ್ದು, ಐಗುಪ್ತ ದೇಶದ ನೆಬಾಮೂನ್ ಎಂಬಾತನ ಗೋರಿಯ ಗೋಡೆಯ ಮೇಲೆ ಮೂರು ಸಾವಿರ ವರ್ಷಗಳಿಗಿಂತಲೂ ಹಿಂದೆ ಬರೆದ ಬೇಟೆಯ ಚಿತ್ರದಲ್ಲಿ ಇದರ ರೂಪವನ್ನು ಇಂದಿಗೂ ಗುರುತಿಸಬಹುದು. ಆ ಚಿತ್ರವು ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿದೆ.

ಮಾನಾರ್ಕಿನಂತೆಯೇ ನರಗಳೆಲ್ಲ ದಪ್ಪನಾಗಿ ಕಪ್ಪಗಿರುವ ಕಿತ್ತಳೆಯ ಪಾತರಗಿತ್ತಿ ಕಂಡರೆ ಅದು ಸ್ಟ್ರೈಪ್ಡ್ ಟೈಗರ್, ಎಂದರೆ ಪಟ್ಟೆಹುಲಿ. ಚಿತ್ರಪಟವನ್ನು ನೋಡಿದವರು ಮೋಸಹೋಗುವುದು ಹೆಚ್ಚಾಗಿ ಇದರಿಂದಲೇ.

ಮೂರನೆಯದು ನೀಲಿಹುಲಿ, ಬ್ಲೂ ಟೈಗರ್. ಇದು ಸಾದಾಹುಲಿಗಿಂತ ದೊಡ್ಡದು. ಕಪ್ಪುಗಂದು ರೆಕ್ಕೆಯ ತುಂಬ ತಿಳಿನೀಲಿಯ ಗೆರೆಗಳೂ ಚುಕ್ಕೆಗಳೂ ಇರುವವು. ಇದರ ತಮ್ಮನಂತಿರುವ ಡಾರ್ಕ್ ಬ್ಲೂ ಟೈಗರಿನಲ್ಲಿ ನೆಲಬಣ್ಣ ಇನ್ನೂ ಕಪ್ಪು, ಗೆರೆಗಳು ಇನ್ನೂ ಸಣ್ಣವು. ಹಾರುವಾಗ ಇವೆರಡನ್ನು ಬೇರ್ಪಡಿಸುವುದು ಕಷ್ಟ, ಕುಳಿತಾಗ ಮಾತ್ರ ಹೇಳಬಹುದು. ನಾಲ್ಕನೆಯದು ಕಾಮನ್ ಕ್ರೋ, ಕಾಗೆ ಪಾತರಗಿತ್ತಿ: ಕಂದುಗಪ್ಪು ಮೈ, ರೆಕ್ಕೆಯ ಅಂಚಿಗೆ ಮಾತ್ರ ಬಿಳಿಯ ಚುಕ್ಕೆಗಳ ಎರಡು ಸಾಲು. ಕಣಗಿಲೆ, ಸೊಗದೆ ಬಳ್ಳಿ, ಅತ್ತಿ ಇವು ಅದರ ಹುಳುವಿನ ಆಹಾರ. ಶಾಲೆಯ ಅಂಗಳದಲ್ಲಿ ಕಣಗಿಲೆಯಿದ್ದಲ್ಲಿ ಅದರ ಎಲೆಯ ಅಡಿಯಲ್ಲಿ ಬೆಳ್ಳಿಯ ಮುಲಾಮು ಹಚ್ಚಿದಂತೆ ಹೊಳೆಯುವ ಕೋಶವು ತೂಗುತ್ತಿದ್ದರೆ ಅದು ಈ ಕಾಗೆಯದೆಂದು ತಿಳಿಯಿರಿ.

ಇವುಗಳ ವೇಷವನ್ನು ಕದ್ದವರೂ ಇದ್ದಾರೆ. ಡ್ಯಾನೈಡ್ ಎಗ್‌ಫ್ಲೈ ಎಂಬ ಜಾತಿಯ ಹೆಣ್ಣು ಸಾದಾಹುಲಿಯ ಬಣ್ಣವನ್ನು ಅಚ್ಚುಹೊಡೆದಂತೆ ಹೊತ್ತುಕೊಂಡಿರುವುದು, ಹಾರುವ ನಡಿಗೆಯನ್ನು ಕೂಡ ಕಲಿತಿರುವುದು. ಆದರೆ ಅದರ ಹುಳು ತಿನ್ನುವುದು ಹೊಲದ ಗೋಣಿಸೊಪ್ಪಿನಂತಹ ಕಹಿಯಿಲ್ಲದ ಗಿಡಗಳನ್ನು; ಹಕ್ಕಿಗೆ ಅದು ಒಳ್ಳೆಯ ತಿಂಡಿಯೇ. ಹಿಂದಿನ ರೆಕ್ಕೆಯನ್ನು ನೋಡಿರಿ. ನಡುವೆ ಮೂರು ನಾಲ್ಕು ಚುಕ್ಕೆಗಳಿಲ್ಲದೆ ಮೇಲಂಚಿನ ಹತ್ತಿರ ಒಂದೇ ಕರಿಚುಕ್ಕೆಯಿದ್ದರೆ ಅದು ವೇಷಧಾರಿ. ಇದರ ಗಂಡಂತೂ ಪೂರಾ ಬೇರೆ: ಕಪ್ಪು ರೆಕ್ಕೆ, ನೀಲಿ ಹೊಳಪಿನ ಅಂಚುಳ್ಳ ದೊಡ್ಡ ಬಿಳಿಯ ಮಚ್ಚೆಗಳು. ಗಂಡಹೆಂಡಿರೆಂದು ನಂಬುವುದೇ ಕಷ್ಟ.

ರೆಕ್ಕೆಯನ್ನು ನೋಡಿ ಅನುಮಾನವಾದವರು ಹುಳುವನ್ನು ನೋಡಲಿ. ಈ ವಂಶದ ಹುಳುಗಳಿಗೆಲ್ಲ ಮೈಮೇಲೆ ಮೆತ್ತನೆಯ ಕರಿಯ ಕೊಂಬುಗಳು ಜೋಡಿಜೋಡಿಯಾಗಿರುವವು, ಚುಚ್ಚುವುದಿಲ್ಲ. ಮಾನಾರ್ಕಿನ ಹುಳುವಿಗೆ ಎರಡು ಜೊತೆ, ಸಾದಾಹುಲಿಗೂ ಪಟ್ಟೆಹುಲಿಗೂ ಮೂರು ಜೊತೆ, ನೀಲಿಹುಲಿಗೆ ಎರಡು, ಕಾಗೆಗೆ ನಾಲ್ಕು. ಎಣಿಸಲು ಬಲ್ಲ ಮಗು ಇದನ್ನು ಹೇಳಬಲ್ಲದು. ಎಕ್ಕದ ಎಲೆಯ ಮೇಲೆ ಕಪ್ಪು, ಬಿಳಿ, ಹಳದಿ ಬಳೆಗಳನ್ನು ತೊಟ್ಟಂತಿರುವ ಹುಳುವನ್ನು ಕಂಡರೆ ಎಲೆಯ ಸಮೇತ ಮನೆಗೆ ತಂದು, ತೂತುಮಾಡಿದ ಮುಚ್ಚಳದ ಡಬ್ಬಿಯಲ್ಲಿಟ್ಟು, ದಿನವೂ ಹೊಸ ಎಲೆಯನ್ನು ಹಾಕಿರಿ. ಕೆಲವು ದಿನಗಳಲ್ಲಿ ಅದು ತಲೆಕೆಳಗಾಗಿ ತೂಗಿ, ಹೊನ್ನಿನ ಚುಕ್ಕೆಗಳುಳ್ಳ ಹಸಿರು ಕೋಶವಾಗುವುದು. ಎಕ್ಕವನ್ನು ಮುಟ್ಟಿದ ಕೈಯನ್ನು ಕೂಡಲೆ ಸಾಬೂನಿನಿಂದ ತೊಳೆಯಬೇಕು. ಆ ಮೊದಲು ಕಣ್ಣನ್ನು ಉಜ್ಜಬಾರದು.

ಇನ್ನು ಪಯಣದ ಮಾತು. ಸಾದಾಹುಲಿಯು ನಮ್ಮ ಒಣನೆಲದ ನಿವಾಸಿ. ಎಕ್ಕವಿರುವಲ್ಲಿ ಅದು ವರ್ಷದ ಬಹುಭಾಗ ಇದ್ದೇ ಇರುವುದು. ದಕ್ಷಿಣ ಭಾರತದ ದೊಡ್ಡ ಪಯಣಿಗರು ನೀಲಿಹುಲಿಗಳೂ ಕಾಗೆಗಳೂ. ಅಮೆರಿಕದಲ್ಲಿ ಪಾತರಗಿತ್ತಿಯನ್ನು ಓಡಿಸುವುದು ಚಳಿ, ಇಲ್ಲಿ ಓಡಿಸುವುದು ಮಳೆ. ಕಲಬುರಗಿಯ ಸೀಮೆಗೆ ಇಡೀ ವರ್ಷಕ್ಕೆ ಬೀಳುವ ಮಳೆ ಏಳೆಂಟು ನೂರು ಮಿಲಿಮೀಟರು. ಆಗುಂಬೆಯಲ್ಲಿ ಅದು ಏಳು ಸಾವಿರವನ್ನು ಮೀರುವುದು. ಸೂರ್ಯನನ್ನೇ ಕಾಣದ ಆ ಜಡಿಮಳೆಯಲ್ಲಿ ತೆಳುರೆಕ್ಕೆಯ ಜೀವವು ಹಾರುವುದೆಂತು, ಉಣ್ಣುವುದೆಂತು? ಆದುದರಿಂದ ಮುಂಗಾರು ಕಾಲಿಡುವ ಮುನ್ನ, ಏಪ್ರಿಲ್ ಮೇ ಜೂನ್ ತಿಂಗಳುಗಳಲ್ಲಿ, ಇವು ಪಶ್ಚಿಮಘಟ್ಟವನ್ನು ಬಿಟ್ಟು ಪೂರ್ವದ ಬಯಲುಸೀಮೆಗೂ ಪೂರ್ವಘಟ್ಟಗಳಿಗೂ ಹಾರಿ, ಅಲ್ಲಿ ಸಂತತಿಯನ್ನು ಬೆಳೆಸುವವು. ಮಳೆಗಾಲ ಕಳೆದ ಮೇಲೆ, ಅಕ್ಟೋಬರ್ ನವೆಂಬರಿನ ಸುಮಾರಿಗೆ, ಹೊಸ ಪೀಳಿಗೆಗಳು ಘಟ್ಟಕ್ಕೆ ಮರಳುವವು. ನಮ್ಮ ಒಕ್ಕಲಿಗರ ಲೆಕ್ಕದಲ್ಲಿ ಹೇಳುವುದಾದರೆ ರೋಹಿಣಿ ಮಿರಗದ ಕಾಲದಲ್ಲಿ ಒಂದು, ಸೀಗೆ ಹುಣ್ಣಿಮೆಯ ಹಿಂದುಮುಂದಿನಲ್ಲಿ ಇನ್ನೊಂದು. ಬೆಂಗಳೂರಿನ ಜನರು ಈ ದಂಡುಗಳನ್ನು ಪೇಟೆಯ ಬೀದಿಗಳ ಮೇಲೆಯೇ ಕಾಣುವುದುಂಟು.

ಕನ್ನಡನಾಡಿನ ಪಾತರಗಿತ್ತಿಗಳ ಬಾಳನ್ನು ಬಹು ಶ್ರದ್ಧೆಯಿಂದ ಬರೆದಿಟ್ಟವರಲ್ಲಿ ಟಿ. ಆರ್. ಬೆಲ್ ಎಂಬ ಅರಣ್ಯಾಧಿಕಾರಿ ಪ್ರಮುಖರು. ಅವರು ಕಾರವಾರದಲ್ಲಿ ನೆಲಸಿ, ಯಾವ ಹುಳು ಯಾವ ಗಿಡವನ್ನು ತಿನ್ನುವುದೆಂಬುದನ್ನು ವರ್ಷಗಟ್ಟಲೆ ಕಂಡು, ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ೧೯೦೯ರಿಂದ ಮುಂದೆ ಲೇಖನಮಾಲೆಯಾಗಿ ಪ್ರಕಟಿಸಿದರು, ೧೯೪೮ರಲ್ಲಿ ಕಾಲವಾದರು. ನಮ್ಮ ಕಾಲದಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವೈಶಾಲಿ ಭೌಮಿಕರೂ ಕೃಷ್ಣಮೇಘ ಕುಂಟೆಯವರೂ ಪಯಣದ ನಡುವಿನ ಹೆಣ್ಣುಗಳನ್ನು ಪರೀಕ್ಷಿಸಿ ೨೦೧೮ರಲ್ಲಿ ಬರೆದರು: ದಾರಿಯಲ್ಲಿರುವ ಹೆಣ್ಣು ಮೊಟ್ಟೆ ಬೆಳೆಸುವ ಕೆಲಸವನ್ನು ಮುಂದಕ್ಕೆ ಹಾಕಿ, ಶಕ್ತಿಯನ್ನು ಹಾರುವುದಕ್ಕೇ ವಿನಿಯೋಗಿಸುವುದು. ದೂರದ ಊರಿಗೆ ಹೊರಟವಳು ಹೊರೆಯನ್ನು ಕಡಿಮೆ ಮಾಡಿಕೊಳ್ಳುವಂತೆ.

ದಂಡು ಹಾದುಹೋಗುತ್ತಿದೆಯೆಂದು ತಿಳಿಯುವುದು ಹೇಗೆ? ಹೂವಿನಿಂದ ಹೂವಿಗೆ ಅಂಕುಡೊಂಕಾಗಿ ಅಲೆಯುವುದು ದಿನದ ಹಾರಾಟ. ಪಯಣದಲ್ಲಿರುವುದು ನೇರವಾಗಿ ಹಾರುವುದು. ಮನೆ ಅಡ್ಡಬಂದರೆ ಪಕ್ಕಕ್ಕೆ ತಿರುಗದೆ ಮೇಲಕ್ಕೇರಿ ದಾಟುವುದು. ಒಂದರ ಹಿಂದೆ ಒಂದು ಅದೇ ದಿಕ್ಕಿಗೆ ಹೋಗುವವು. ಬಿಸಿಲೇರಿದಂತೆ ಹೆಚ್ಚುವವು, ಮೋಡ ಕವಿದರೆ ನಿಲ್ಲುವವು. ಇರುಳಿಗೆ ನೆರಳಿನ ಮರಗಳಲ್ಲಿ ಒಣಗಿದೆಲೆಗಳಂತೆ ಗುಂಪಾಗಿ ಜೋತು ಮಲಗುವವು. ಒಣಗಿದ ಸೆಣಬಿನ ಮೇಲೆಯೂ, ಚೇಳಿನ ಕೊಂಡಿಯಂತೆ ಬಾಗಿದ ಹೂಗೊಂಚಲಿನ ಕಳೆಗಿಡದ ಮೇಲೆಯೂ ನೀಲಿಹುಲಿಗಳು ಮುತ್ತಿರುವುದನ್ನು ಕಂಡರೆ ಅವುಗಳಲ್ಲಿ ಬಹುಪಾಲು ಗಂಡುಗಳು. ಹೆಣ್ಣನ್ನು ಒಲಿಸುವ ಗಂಧಕ್ಕೆ ಬೇಕಾದ ರಸವನ್ನು ಅಲ್ಲಿಂದ ಹೀರುತ್ತಿರುವವು.

ಹೆಸರು ಮುಖ್ಯವೆಂದು ಮೊದಲು ಹೇಳಿದ್ದರ ಕಾರಣ ಇಲ್ಲಿದೆ. ತಂಗಡಿ, ಕಕ್ಕೆ ಗಿಡಗಳ ಮೇಲೆ ಬೆಳೆದ ಹಳದಿಬಿಳಿಯ ಎಮಿಗ್ರಂಟ್ ಪಾತರಗಿತ್ತಿಗಳೂ ಒಮ್ಮೊಮ್ಮೆ ದಂಡುಕಟ್ಟಿ ಹೋಗುವವು. ಅವುಗಳ ಕಾರಣ ಬೇರೆ, ಕಾಲವೂ ಬೇರೆಯಾಗಬಹುದು. ‘ಸಾವಿರಾರು ಚಿಟ್ಟೆಗಳು ಹೋದವು’ ಎಂದು ಬರೆದರೆ ಯಾವುದರ ದಾರಿ ಎಂಬುದೇ ತಿಳಿಯದು. ಊರಲ್ಲಿಯೇ ಇರುವ ಸಾದಾಹುಲಿಯನ್ನು ‘ಮಾನಾರ್ಕ್ ವಲಸೆ’ ಎಂದು ಬರೆದವರಾದರೋ, ಇಲ್ಲದ ಅತಿಥಿಯನ್ನು ಕರೆತಂದು, ಇದ್ದ ಮನೆಯವಳನ್ನು ಹೊರಗಿಟ್ಟಂತಾಯಿತು. ಮನೆಯವಳಿಗೆ ಈಗ ಕಷ್ಟದ ಕಾಲವಾದುದರಿಂದ ಇದನ್ನು ಒತ್ತಿ ಹೇಳುತ್ತೇನೆ. ಅಮೆರಿಕದ ಮೆಕ್ಕೆಜೋಳದ ಹೊಲಗಳಲ್ಲಿ ಕಳೆನಾಶಕವನ್ನು ಸುರಿದು ಹಾಲುಗಿಡವನ್ನು ಅಳಿಸಿದ್ದು ಮಾನಾರ್ಕು ಕ್ಷೀಣಿಸಲು ದೊಡ್ಡ ಕಾರಣಗಳಲ್ಲೊಂದು. ವಲಸೆಯ ಮಾನಾರ್ಕನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ೨೦೨೨ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿ, ೨೦೨೩ರಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆಯ ಅಪಾಯದ ವರ್ಗದಲ್ಲಿಟ್ಟಿತು. ಅದೇ ಕಳೆನಾಶಕವು ಈಗ ನಮ್ಮ ಅಂಗಡಿಗಳಲ್ಲಿಯೂ ದೊರೆಯುವುದು. ಬದುವನ್ನು ‘ಸ್ವಚ್ಛ’ ಮಾಡುವಾಗ ಮೊದಲು ಸಾಯುವುದು ಎಕ್ಕ, ಸೊಗದೆ ಬಳ್ಳಿ, ಸೆಣಬು. ರೈತರು ಬೆಳೆಯ ನಡುವಿನ ಕಳೆಯನ್ನು ಬಿಡಲೆಂದು ಯಾರೂ ಹೇಳಲಾರರು. ಬದುವಿನ ಮೂಲೆಯಲ್ಲಿ ನಾಲ್ಕು ಎಕ್ಕದ ಬುಡಗಳನ್ನು ಉಳಿಸಿದರೆ ತೊಗರಿಗೆ ನಷ್ಟವಿಲ್ಲ.

ನೋಡುವ ಹುಡುಗಿಯರಿಗೆ ದೂರ ಹೋಗುವ ಅಗತ್ಯವಿಲ್ಲ. ನಮ್ಮ ಸೀಮೆಯ ಮನೆಗಳ ಮಾಳಿಗೆಯೇ ಇದಕ್ಕೆ ಒಳ್ಳೆಯ ಜಾಗ. ಎರಡು ಮರಗಳ ನಡುವೆ ಮನಸ್ಸಿನಲ್ಲಿ ಒಂದು ಗೆರೆಯನ್ನೆಳೆದು, ಹತ್ತು ನಿಮಿಷಗಳಲ್ಲಿ ಅದನ್ನು ದಾಟಿದವು ಎಷ್ಟೆಂದು ಎಣಿಸಬೇಕು. ಹಿಂದಕ್ಕೆ ಬಂದವನ್ನು ಬೇರೆಯಾಗಿ ಬರೆಯಬೇಕು. ಒಂದೂ ಕಾಣದ ದಿನ ‘ಸೊನ್ನೆ’ ಎಂದು ಬರೆಯುವುದಕ್ಕೆ ಬೇಸರಪಡಬಾರದು. ಜಾತಿ ಗೊತ್ತಾಗದಿದ್ದರೆ ಊಹಿಸದೆ ಕಂಡದ್ದನ್ನಷ್ಟೇ ಬರೆಯಬೇಕು. ಮಾದರಿಗಾಗಿ ಒಂದು ಪುಟವನ್ನು ಕೆಳಗೆ ಕೊಟ್ಟಿದೆ. ಅಂಕೆಗಳು ರೂಪವನ್ನು ತೋರಿಸುವುದಕ್ಕಾಗಿ ಮಾತ್ರ.

ಊರು: ಮಹಾಗಾಂವ, ಮನೆಯ ಮಾಳಿಗೆ. ತಾರೀಖು: ಅಕ್ಟೋಬರ್ ೧೨. ಹೊತ್ತು: ಬೆಳಗ್ಗೆ ೯-೩೦ರಿಂದ ೯-೪೦. ಆಕಾಶ: ನಿರ್ಮಲ. ಗಾಳಿ: ಪೂರ್ವದಿಂದ, ಮೆಲ್ಲಗೆ. ನೀಲಿಹುಲಿ ೧೪, ಪಶ್ಚಿಮಕ್ಕೆ. ಕಾಗೆ ೩, ಪಶ್ಚಿಮಕ್ಕೆ. ಹಿಂದಕ್ಕೆ ಬಂದವು ೧. ಕಪ್ಪಾದದ್ದು, ಬಲು ಎತ್ತರದಲ್ಲಿ, ಗುರುತಾಗಲಿಲ್ಲ ೨. ಎಕ್ಕದ ಮೇಲೆ ಸಾದಾಹುಲಿ ೧, ಹೆಣ್ಣು, ಎಲೆಯಡಿಯಲ್ಲಿ ಮೊಟ್ಟೆಯಿಡುತ್ತಿತ್ತು.